ಚಲನಚಿತ್ರ ವೀಕ್ಷಣೆ ಹಾಗೂ ಚಿತ್ರ ನಿರ್ಮಾಣದ ಮೂಲಕ ಮಾನಸಿಕ ಚೇತರಿಕೆ: ಸಾರ್ವಜನಿಕರಿಗೆ ಮಾಹಿತಿ

1. ಪೀಠಿಕೆ

ದೇಹಕ್ಕೆ ಕಾಯಿಲೆ ಬಂದಾಗ ವೈದ್ಯರಲ್ಲಿಗೆ ಹೋಗುವ ರೂಢಿ ಸಮಾಜದಲ್ಲಿ ಬೇರೂರಿದೆ. ಆದರೆ ಮನಸ್ಸಿಗೆ ನೋವಾದಾಗ ಅದನ್ನು ಹೇಳಿಕೊಳ್ಳಲು ಮಾತು ದೊರೆಯದೆ, ಕೇಳಿದವರು ಏನೆಂದುಕೊಳ್ಳುವರೋ ಎಂಬ ಅಳುಕಿನಿಂದ ವರ್ಷಗಟ್ಟಲೆ ಮೌನವಾಗಿರುವವರು ಅನೇಕರಿದ್ದಾರೆ. ಬೆಂಗಳೂರಿನ ರಾಷ್ಟ್ರೀಯ ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನ ಸಂಸ್ಥೆಯು (ನಿಮ್ಹಾನ್ಸ್) 2015-16ರಲ್ಲಿ 12 ರಾಜ್ಯಗಳಲ್ಲಿ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ, ವಯಸ್ಕರಲ್ಲಿ ಶೇ. 10.6ರಷ್ಟು ಜನರು ಸಮೀಕ್ಷೆಯ ಅವಧಿಯಲ್ಲಿ ಯಾವುದಾದರೊಂದು ಮಾನಸಿಕ ಕಾಯಿಲೆಯಿಂದ ಬಳಲುತ್ತಿದ್ದರು. ಅಂತಹವರಲ್ಲಿ, ಕಾಯಿಲೆಯ ಸ್ವರೂಪಕ್ಕೆ ಅನುಗುಣವಾಗಿ, ಶೇ. 70ರಿಂದ 92ರಷ್ಟು ಜನರಿಗೆ ಚಿಕಿತ್ಸೆ ದೊರೆತಿರಲಿಲ್ಲ.

ಚಿಕಿತ್ಸೆಯಿಂದ ದೂರ ಉಳಿಯಲು ಕಾರಣಗಳು ಹಲವು. ಅವುಗಳಲ್ಲಿ ಒಂದು, ನೋವಿನ ಕುರಿತು ಮಾತು ಆರಂಭಿಸುವುದೇ ಕಷ್ಟವಾಗಿರುವುದು. ಈ ಆರಂಭವನ್ನು ಸುಲಭಗೊಳಿಸುವ ಸಾಧನಗಳಲ್ಲಿ ಚಲನಚಿತ್ರವೂ ಒಂದಾಗಿದೆ. ಸೂಕ್ತವಾದ ಚಿತ್ರವನ್ನು ನೋಡಿ ಅದರ ಬಗ್ಗೆ ಮಾತನಾಡುವುದು, ತನ್ನ ಬದುಕಿನ ಸಂಗತಿಯನ್ನು ತಾನೇ ಒಂದು ಕಿರುಚಿತ್ರವಾಗಿ ರೂಪಿಸುವುದು, ಇವೆರಡೂ ಚಿಕಿತ್ಸೆಯ ಜೊತೆಗಿನ ಪೂರಕ ವಿಧಾನಗಳಾಗಿ ಹಲವು ದೇಶಗಳಲ್ಲಿ ಬಳಕೆಯಲ್ಲಿವೆ.

ಮಾನಸಿಕ ಆರೋಗ್ಯ ಸೇವೆಗಳನ್ನು ಪಡೆಯಲು ಬಯಸುವ ನಾಗರಿಕರು, ಅವರ ಕುಟುಂಬದವರು ಹಾಗೂ ಆರೈಕೆ ಮಾಡುವವರ ತಿಳಿವಳಿಕೆಗಾಗಿ ಈ ವಿಧಾನದ ಸ್ವರೂಪ, ಪ್ರಯೋಜನ, ಮಿತಿ ಮತ್ತು ಸಂಬಂಧಪಟ್ಟ ಕಾನೂನು ಹಕ್ಕುಗಳನ್ನು ಈ ಕೆಳಗೆ ವಿವರಿಸಲಾಗಿದೆ. ಚಲನಚಿತ್ರವು ಔಷಧಿಗೆ ಅಥವಾ ವೈದ್ಯರ ಸಲಹೆಗೆ ಬದಲಿಯಲ್ಲ ಎಂಬುದನ್ನು ಮೊದಲಿಗೇ ಸ್ಪಷ್ಟಪಡಿಸಲಾಗಿದೆ.

2. ಪರಿಕಲ್ಪನೆಯ ಹಿನ್ನೆಲೆ

ದೃಶ್ಯಕಲೆಯು ನೊಂದ ಮನಸ್ಸಿಗೆ ವಿಶ್ರಾಂತಿ ನೀಡಬಲ್ಲದು ಎಂಬ ತಿಳಿವಳಿಕೆ ಭಾರತಕ್ಕೆ ಹೊಸದಲ್ಲ. ದುಃಖದಿಂದ, ಶ್ರಮದಿಂದ ಮತ್ತು ಶೋಕದಿಂದ ಬಳಲಿದವರಿಗೆ ನಾಟ್ಯವು ವಿಶ್ರಾಂತಿಯನ್ನು ಉಂಟುಮಾಡುತ್ತದೆ ಎಂಬ ಆಶಯ ಭರತಮುನಿಯ ನಾಟ್ಯಶಾಸ್ತ್ರದ ಮೊದಲ ಅಧ್ಯಾಯದಲ್ಲಿಯೇ ಇದೆ. ರಂಗದ ಮೇಲಿನ ದುಃಖವು ಪ್ರೇಕ್ಷಕನ ಸ್ವಂತ ದುಃಖವೂ ಆಗಿರದೆ, ಸಂಪೂರ್ಣವಾಗಿ ಬೇರೆಯವರ ದುಃಖವೂ ಆಗಿರದೆ, ಎಲ್ಲರೂ ಅನುಭವಿಸಬಹುದಾದ ಭಾವವಾಗಿ ಮಾರ್ಪಡುವುದನ್ನು ಕಾಶ್ಮೀರದ ಆಲಂಕಾರಿಕ ಭಟ್ಟನಾಯಕನು ‘ಸಾಧಾರಣೀಕರಣ’ ಎಂದು ಕರೆದನು. ಹರಿಶ್ಚಂದ್ರನ ಕಥೆಯ ಸ್ಮಶಾನದ ಪ್ರಸಂಗವನ್ನು ನೋಡುತ್ತಾ ಊರಿನವರೆಲ್ಲ ಒಟ್ಟಿಗೆ ಕಣ್ಣೀರು ಹಾಕಿ, ಬೆಳಗಿನ ಜಾವ ಹಗುರವಾದ ಮನಸ್ಸಿನಿಂದ ಮನೆಗೆ ಮರಳುತ್ತಿದ್ದ ಹಿರಿಯರ ಅನುಭವವೂ ಇದೇ ಬಗೆಯದು.

ಆಧುನಿಕ ಮನೋಚಿಕಿತ್ಸೆಯಲ್ಲಿ ಪುಸ್ತಕಗಳ ಓದನ್ನು ಚಿಕಿತ್ಸೆಗೆ ಪೂರಕವಾಗಿ ಬಳಸುವ ಪದ್ಧತಿ ಇಪ್ಪತ್ತನೆಯ ಶತಮಾನದ ಆರಂಭದಿಂದ ಬೆಳೆದುಬಂದಿತು. ಅದೇ ತತ್ವವನ್ನು ಚಲನಚಿತ್ರಕ್ಕೆ ಅನ್ವಯಿಸಿ, 1990ರಲ್ಲಿ ಅಮೆರಿಕದ ಲಿಂಡಾ ಬರ್ಗ್-ಕ್ರಾಸ್ ಮತ್ತು ಸಹೋದ್ಯೋಗಿಗಳು ಪ್ರಕಟಿಸಿದ ಲೇಖನದಲ್ಲಿ ‘ಸಿನಿಮಾಥೆರಪಿ’ ಎಂಬ ಹೆಸರು ಬಳಕೆಯಾಯಿತು. ಚಿಕಿತ್ಸಕರು ರೋಗಿಯ ಪರಿಸ್ಥಿತಿಗೆ ಹೊಂದುವ ಚಿತ್ರವನ್ನು ಆಯ್ದು ಸೂಚಿಸುವುದು, ರೋಗಿಯು ಅದನ್ನು ಒಬ್ಬರೇ ಅಥವಾ ನಿಗದಿಪಡಿಸಿದ ಇತರರೊಂದಿಗೆ ನೋಡುವುದು, ನಂತರ ಆ ಬಗ್ಗೆ ಚರ್ಚಿಸುವುದು ಇದರ ತಿರುಳಾಗಿದೆ.

ವಿಶ್ವ ಆರೋಗ್ಯ ಸಂಸ್ಥೆಯ ಯುರೋಪ್ ಪ್ರಾದೇಶಿಕ ಕಚೇರಿಯು 2019ರಲ್ಲಿ ಪ್ರಕಟಿಸಿದ ವರದಿಯು ಕಲೆ ಮತ್ತು ಆರೋಗ್ಯದ ಸಂಬಂಧದ ಬಗ್ಗೆ 3,000ಕ್ಕೂ ಹೆಚ್ಚು ಅಧ್ಯಯನಗಳನ್ನು ಒಟ್ಟುಗೂಡಿಸಿ, ಕಾಯಿಲೆಗಳನ್ನು ತಡೆಗಟ್ಟುವಲ್ಲಿ ಮತ್ತು ನಿಭಾಯಿಸುವಲ್ಲಿ ಕಲೆಗಳಿಗೆ ಮಹತ್ವದ ಪಾತ್ರವಿದೆ ಎಂದು ತಿಳಿಸಿದೆ. ಆದರೆ ಚಲನಚಿತ್ರವನ್ನೇ ಕುರಿತ ಅಧ್ಯಯನಗಳಲ್ಲಿ ಬಹುಪಾಲು ಚಿಕ್ಕ ಗುಂಪುಗಳ ಮೇಲೆ ನಡೆದವುಗಳಾಗಿವೆ. ಆದ್ದರಿಂದ ಇದನ್ನು ಪೂರಕ ವಿಧಾನವೆಂದು ಮಾತ್ರ ಪರಿಗಣಿಸುವುದು ಸೂಕ್ತ.

3. ಚಿತ್ರ ವೀಕ್ಷಣೆಯಿಂದ ಮನಸ್ಸಿಗೆ ದೊರೆಯುವ ಸಹಾಯ

ಚಿತ್ರ ನೋಡುವುದರಿಂದ ಎಲ್ಲರಿಗೂ ಮನರಂಜನೆ ದೊರೆಯುತ್ತದೆ. ಅದು ಚೇತರಿಕೆಗೆ ಸಹಾಯಕವಾಗುವುದು ಮುಖ್ಯವಾಗಿ ಈ ಕೆಳಕಂಡ ಕಾರಣಗಳಿಂದ:

ಅ) ಅಂತರ: ಸ್ವಂತ ನೋವನ್ನು ನೇರವಾಗಿ ನೋಡಲಾಗದ ವ್ಯಕ್ತಿಯು, ಅಂತಹುದೇ ನೋವನ್ನು ತೆರೆಯ ಮೇಲಿನ ಪಾತ್ರದಲ್ಲಿ ನೋಡಬಲ್ಲನು. ‘ನನಗೆ ಹೀಗಾಗಿದೆ’ ಎಂದು ಹೇಳುವುದಕ್ಕಿಂತ ‘ಆ ಪಾತ್ರಕ್ಕೆ ಹೀಗಾಗಿದೆ’ ಎಂದು ಹೇಳುವುದು ಸುಲಭ.

ಆ) ಒಂಟಿತನದ ನಿವಾರಣೆ: ತನಗೊಬ್ಬನಿಗೇ ಹೀಗಾಗಿದೆ ಎಂಬ ಭಾವನೆಯು ಖಿನ್ನತೆ ಮತ್ತು ಆತಂಕದಲ್ಲಿ ಸಾಮಾನ್ಯ. ತನ್ನಂತಹ ಮತ್ತೊಬ್ಬರ ಕಥೆಯನ್ನು ನೋಡಿದಾಗ ಈ ಭಾವನೆ ಸಡಿಲಗೊಳ್ಳುತ್ತದೆ.

ಇ) ಭಾವನೆಗೆ ಹೆಸರು: ಎದೆ ಭಾರ, ನಿದ್ರೆ ಬಾರದಿರುವುದು, ಕಾರಣವಿಲ್ಲದ ಸಿಟ್ಟು ಇವುಗಳ ಹಿಂದಿರುವುದು ದುಃಖವೋ, ಭಯವೋ, ಅಪರಾಧಿ ಭಾವವೋ ಎಂಬುದು ಅನೇಕರಿಗೆ ತಿಳಿದಿರುವುದಿಲ್ಲ. ಪಾತ್ರದ ವರ್ತನೆಯನ್ನು ಗಮನಿಸುತ್ತಾ ತನ್ನ ಭಾವನೆಯನ್ನು ಗುರುತಿಸಲು ಸಾಧ್ಯವಾಗುತ್ತದೆ.

ಈ) ಕುಟುಂಬದ ಸಂವಾದ: ಮನೆಯವರೆಲ್ಲ ಒಂದೇ ಚಿತ್ರವನ್ನು ನೋಡಿದಾಗ, ಯಾರನ್ನೂ ದೂಷಿಸದೆ ಮಾತನಾಡಲು ಒಂದು ಸಾಮಾನ್ಯ ವಿಷಯ ದೊರೆಯುತ್ತದೆ.

ಈ ನಾಲ್ಕೂ ಕಾರಣಗಳಲ್ಲಿ ಗಮನಿಸಬೇಕಾದ ಅಂಶವೆಂದರೆ, ಚೇತರಿಕೆಯು ಚಿತ್ರದಿಂದ ತಾನಾಗಿಯೇ ಬರುವುದಿಲ್ಲ. ಚಿತ್ರವು ತೆರೆದಿಡುವ ಮಾತುಕತೆಯಿಂದ ಅದು ಬರುತ್ತದೆ. ಚರ್ಚೆಯಿಲ್ಲದ ವೀಕ್ಷಣೆಯು ಮನರಂಜನೆಯಾಗಿ ಮಾತ್ರ ಉಳಿಯುವ ಸಾಧ್ಯತೆ ಹೆಚ್ಚು.

4. ಒಂದು ನಿದರ್ಶನ: ‘ಶರಪಂಜರ’

ಕನ್ನಡಿಗರಿಗೆ ಪರಿಚಿತವಾದ ಒಂದು ಚಿತ್ರದ ಮೂಲಕ ಈ ವಿಧಾನವನ್ನು ವಿವರಿಸಬಹುದಾಗಿದೆ. ಮನೋವೈಜ್ಞಾನಿಕ ಕಾದಂಬರಿಗಳಿಗೆ ಹೆಸರಾದ ತ್ರಿವೇಣಿಯವರ ಕೃತಿಯನ್ನು ಆಧರಿಸಿ ಪುಟ್ಟಣ್ಣ ಕಣಗಾಲ್ ಅವರು ನಿರ್ದೇಶಿಸಿದ ‘ಶರಪಂಜರ’ವು 1972ರಲ್ಲಿ ತೆರೆಕಂಡಿತು. ಕಲ್ಪನಾ ಅವರು ನಿರ್ವಹಿಸಿದ ಕಾವೇರಿಯ ಪಾತ್ರವು ಹೆರಿಗೆಯ ನಂತರ ಮಾನಸಿಕ ಅಸ್ವಸ್ಥತೆಗೆ ಒಳಗಾಗಿ, ಆಸ್ಪತ್ರೆಯಲ್ಲಿ ಚಿಕಿತ್ಸೆ ಪಡೆದು, ಗುಣಮುಖಳಾಗಿ ಮನೆಗೆ ಮರಳುತ್ತದೆ. ಕಾಯಿಲೆಯನ್ನು ಗೆದ್ದು ಬಂದ ಆಕೆಯನ್ನು ಸೋಲಿಸುವುದು ಮನೆಯವರ ಹಾಗೂ ಸುತ್ತಲಿನವರ ಅನುಮಾನ. ಆಕೆಯ ಸಹಜವಾದ ಮಾತು, ನಗು, ಸಿಟ್ಟು ಎಲ್ಲವನ್ನೂ ಕಾಯಿಲೆಯ ಲಕ್ಷಣವೆಂದು ನೋಡಲಾಗುತ್ತದೆ. ಕೊನೆಗೆ ಆಕೆ ಮತ್ತೆ ಅಸ್ವಸ್ಥಳಾಗುತ್ತಾಳೆ.

ಚಿಕಿತ್ಸೆ ಮುಗಿಸಿ ಮನೆಗೆ ಮರಳುವ ವ್ಯಕ್ತಿಯ ಕುಟುಂಬದವರೊಂದಿಗೆ ಈ ಚಿತ್ರದ ಉತ್ತರಾರ್ಧದ ದೃಶ್ಯಗಳನ್ನು ಚರ್ಚಿಸಿದರೆ, ಉಪದೇಶದ ಮಾತುಗಳಿಂದ ಆಗದ ಕೆಲಸ ಆಗಬಹುದು. ‘ನೀವು ಸೊಸೆಯನ್ನು ಅನುಮಾನಿಸುತ್ತಿದ್ದೀರಿ’ ಎಂದು ಅತ್ತೆಗೆ ಹೇಳಿದರೆ ಮಾತು ಅಲ್ಲಿಗೇ ನಿಲ್ಲುತ್ತದೆ. ‘ಕಾವೇರಿಗೆ ಆ ಮನೆಯಲ್ಲಿ ಯಾವ ಮಾತು ಹೆಚ್ಚು ನೋವು ಕೊಟ್ಟಿರಬಹುದು?’ ಎಂದು ಕೇಳಿದರೆ ಅದೇ ಅತ್ತೆಯು ಯೋಚಿಸಿ ಉತ್ತರಿಸುತ್ತಾರೆ. ಆ ಉತ್ತರದಲ್ಲಿಯೇ ತಮ್ಮ ಮನೆಯ ಸಂಗತಿಯೂ ಇರುತ್ತದೆ.

ಆದರೆ ಇದೇ ಚಿತ್ರವನ್ನು ಹೆರಿಗೆಯ ನಂತರ ಅಸ್ವಸ್ಥರಾಗಿ ಈಗತಾನೆ ಚೇತರಿಸಿಕೊಳ್ಳುತ್ತಿರುವ ತಾಯಿಗೆ ಒಬ್ಬರೇ ನೋಡಲು ಸೂಚಿಸುವುದು ಸೂಕ್ತವಾಗದು. ಅದರ ದುಃಖಾಂತ್ಯವು ‘ನನ್ನ ಗತಿಯೂ ಇಷ್ಟೇ’ ಎಂಬ ನಿರಾಶೆಗೆ ಕಾರಣವಾಗಬಹುದು. ಒಂದೇ ಚಿತ್ರವು ಒಬ್ಬರಿಗೆ ಸಹಾಯವಾಗಿ, ಮತ್ತೊಬ್ಬರಿಗೆ ಹಾನಿಯಾಗಬಹುದೆಂಬುದಕ್ಕೆ ಇದು ನಿದರ್ಶನ. ವಾಸ್ತವದಲ್ಲಿ ಹೆರಿಗೆಯ ನಂತರದ ತೀವ್ರ ಮನೋವಿಕಾರವು ಪ್ರತಿ ಸಾವಿರ ಹೆರಿಗೆಗಳಲ್ಲಿ ಸುಮಾರು ಒಂದೆರಡು ತಾಯಂದಿರಲ್ಲಿ ಕಾಣಿಸಿಕೊಳ್ಳುತ್ತದೆ. ಅದು ತುರ್ತು ಚಿಕಿತ್ಸೆ ಅಗತ್ಯವಿರುವ ಕಾಯಿಲೆ. ಸಕಾಲದಲ್ಲಿ ಚಿಕಿತ್ಸೆ ದೊರೆತರೆ ಬಹುತೇಕ ತಾಯಂದಿರು ಗುಣಮುಖರಾಗುತ್ತಾರೆ. ತಾಯಿ ಮತ್ತು ಮಗುವನ್ನು ಬೇರ್ಪಡಿಸದೆ ಒಟ್ಟಿಗೆ ದಾಖಲಿಸಿಕೊಂಡು ಚಿಕಿತ್ಸೆ ನೀಡುವ ವಿಭಾಗವನ್ನು ನಿಮ್ಹಾನ್ಸ್ ಸಂಸ್ಥೆಯು 2009ರಲ್ಲಿ ಆರಂಭಿಸಿತು.

ಇದೇ ರೀತಿ, ಮರೆವಿನ ಕಾಯಿಲೆಯಿರುವ ಹಿರಿಯರನ್ನು ನೋಡಿಕೊಳ್ಳುವ ಮಕ್ಕಳೊಂದಿಗೆ ಅನಂತನಾಗ್ ಅಭಿನಯದ ‘ಗೋಧಿ ಬಣ್ಣ ಸಾಧಾರಣ ಮೈಕಟ್ಟು’ (2016) ಚಿತ್ರವನ್ನೂ, ಕಲಿಕೆಯ ನ್ಯೂನತೆಯಿರುವ ಮಕ್ಕಳ ಪೋಷಕರೊಂದಿಗೆ ಹಿಂದಿಯ ‘ತಾರೇ ಜಮೀನ್ ಪರ್’ (2007) ಚಿತ್ರವನ್ನೂ ಚರ್ಚೆಗೆ ಬಳಸಬಹುದಾಗಿದೆ. ಮಾನಸಿಕ ಕಾಯಿಲೆಯನ್ನು ಹಾಸ್ಯದ ವಸ್ತುವಾಗಿ, ದೆವ್ವದ ಕಾಟವಾಗಿ ಅಥವಾ ಹಿಂಸೆಯ ಮೂಲವಾಗಿ ಚಿತ್ರಿಸುವ ಸಿನಿಮಾಗಳು ಈ ಉದ್ದೇಶಕ್ಕೆ ಸೂಕ್ತವಲ್ಲ.

5. ವೀಕ್ಷಣೆಯ ವಿಧಾನ

ಚಿಕಿತ್ಸಕರ ಮಾರ್ಗದರ್ಶನದಲ್ಲಿ ವೀಕ್ಷಣೆಯು ಸಾಮಾನ್ಯವಾಗಿ ಮೂರು ಹಂತಗಳಲ್ಲಿ ನಡೆಯುತ್ತದೆ.

ಮೊದಲ ಹಂತ, ಆಯ್ಕೆ: ಚಿಕಿತ್ಸಕರು ಚಿತ್ರವನ್ನು ತಾವು ಮೊದಲು ಪೂರ್ಣವಾಗಿ ನೋಡಿರಬೇಕು. ವ್ಯಕ್ತಿಯ ಸಮಸ್ಯೆ, ವಯಸ್ಸು, ಭಾಷೆ ಮತ್ತು ಹಿನ್ನೆಲೆಗೆ ಅದು ಹೊಂದುವುದೇ ಎಂಬುದನ್ನು ಪರಿಶೀಲಿಸಬೇಕು. ಇಡೀ ಚಿತ್ರವನ್ನೇ ನೋಡಬೇಕೆಂಬ ನಿಯಮವಿಲ್ಲ. ಐದು ಅಥವಾ ಹತ್ತು ನಿಮಿಷಗಳ ಒಂದು ದೃಶ್ಯವೂ ಸಾಕಾಗಬಹುದು. ಚಿತ್ರದಲ್ಲಿ ಕಷ್ಟಕರವಾದ ದೃಶ್ಯಗಳಿದ್ದಲ್ಲಿ ಅದನ್ನು ಮುಂಚಿತವಾಗಿ ತಿಳಿಸತಕ್ಕದ್ದು.

ಎರಡನೆಯ ಹಂತ, ವೀಕ್ಷಣೆ: ನೋಡುವಾಗ ಕಥೆಯ ಜೊತೆಗೆ ತನ್ನ ದೇಹ ಹಾಗೂ ಮನಸ್ಸಿನಲ್ಲಿ ಆಗುವ ಬದಲಾವಣೆಗಳನ್ನು ಗಮನಿಸಲು ತಿಳಿಸಲಾಗುತ್ತದೆ. ಎಲ್ಲಿ ಉಸಿರು ಬಿಗಿಯಾಯಿತು, ಎಲ್ಲಿ ಕಣ್ಣು ತುಂಬಿತು, ಎಲ್ಲಿ ಬೇರೆಡೆ ನೋಡಬೇಕೆನಿಸಿತು ಎಂಬುದನ್ನು ನೆನಪಿಟ್ಟುಕೊಳ್ಳಬಹುದು. ಸಹಿಸಲಾಗದು ಎನಿಸಿದಲ್ಲಿ ಯಾವುದೇ ಕ್ಷಣದಲ್ಲಿ ಚಿತ್ರವನ್ನು ನಿಲ್ಲಿಸಬಹುದು. ಕಾರಣ ಹೇಳಬೇಕಾದ ಅಗತ್ಯವಿಲ್ಲ.

ಮೂರನೆಯ ಹಂತ, ಚರ್ಚೆ: ಈ ಹಂತದಲ್ಲಿ ಕೇಳಬಹುದಾದ ಪ್ರಶ್ನೆಗಳು:

• ಯಾವ ಪಾತ್ರ ಹೆಚ್ಚು ಹತ್ತಿರವೆನಿಸಿತು? ಯಾವುದು ಸಿಟ್ಟು ತರಿಸಿತು?
• ಆ ಪಾತ್ರಕ್ಕೆ ಯಾರ ಸಹಾಯ ದೊರೆಯಿತು? ಯಾರ ಸಹಾಯ ದೊರೆಯಬೇಕಾಗಿತ್ತು?
• ಆ ಸ್ಥಾನದಲ್ಲಿ ಬೇರೆ ಯಾವ ನಿರ್ಧಾರ ಸಾಧ್ಯವಿತ್ತು?
• ಚಿತ್ರದಲ್ಲಿ ಹೇಳದೆ ಬಿಟ್ಟಿರುವ ಸಂಗತಿ ಯಾವುದು?

ಈ ಪ್ರಶ್ನೆಗಳಿಗೆ ಸರಿ ಅಥವಾ ತಪ್ಪು ಉತ್ತರಗಳಿರುವುದಿಲ್ಲ. ಉತ್ತರಿಸದೆ ಇರುವುದಕ್ಕೂ ಅವಕಾಶವಿರಬೇಕು.

6. ಚಿತ್ರ ನಿರ್ಮಾಣದಿಂದ ದೊರೆಯುವ ಸಹಾಯ

ನೋಡುವವನು ಬೇರೆಯವರ ಕಥೆಯಲ್ಲಿ ತನ್ನನ್ನು ಕಾಣುತ್ತಾನೆ. ನಿರ್ಮಿಸುವವನು ತನ್ನ ಕಥೆಯನ್ನು ತಾನೇ ಜೋಡಿಸುತ್ತಾನೆ. ಆಘಾತದ ನೆನಪುಗಳು ಅನೇಕ ವೇಳೆ ಕ್ರಮವಿಲ್ಲದ ತುಣುಕುಗಳಾಗಿ, ಕರೆಯದೆ ಬರುತ್ತವೆ. ಚಿತ್ರವನ್ನು ರೂಪಿಸುವಾಗ ಮೊದಲು ಯಾವುದು, ನಂತರ ಯಾವುದು, ಎಲ್ಲಿ ಮುಗಿಸಬೇಕು ಎಂಬುದನ್ನು ನಿರ್ಮಿಸುವವನೇ ನಿರ್ಧರಿಸಬೇಕಾಗುತ್ತದೆ. ಸಂಕಲನದ ಸಮಯದಲ್ಲಿ ಒಂದು ದೃಶ್ಯವನ್ನು ಇಡುವ, ತೆಗೆಯುವ, ಮೌನವಾಗಿಸುವ ಅಧಿಕಾರ ಅವನ ಕೈಯಲ್ಲಿರುತ್ತದೆ. ನಡೆದ ಘಟನೆಯ ಮೇಲೆ ಇಲ್ಲದಿದ್ದ ಹಿಡಿತವು ಅದರ ನಿರೂಪಣೆಯ ಮೇಲೆ ದೊರೆಯುವುದೇ ಈ ವಿಧಾನದ ಸತ್ವ.

ಇದಕ್ಕೆ ದೊಡ್ಡ ಕ್ಯಾಮೆರಾ ಅಥವಾ ಹೆಚ್ಚಿನ ವೆಚ್ಚ ಅಗತ್ಯವಿಲ್ಲ. 1990ರ ದಶಕದಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ರೂಪುಗೊಂಡ ‘ಡಿಜಿಟಲ್ ಸ್ಟೋರಿಟೆಲ್ಲಿಂಗ್’ ಪದ್ಧತಿಯಲ್ಲಿ ಸಾಮಾನ್ಯ ಜನರು ತಮ್ಮದೇ ಧ್ವನಿ ಮತ್ತು ತಮ್ಮ ಮನೆಯ ಛಾಯಾಚಿತ್ರಗಳನ್ನು ಬಳಸಿ ಕೆಲವೇ ನಿಮಿಷಗಳ ಚಿತ್ರವನ್ನು ಸಿದ್ಧಪಡಿಸುತ್ತಾರೆ. ಇಂದು ಸಾಧಾರಣ ಮೊಬೈಲ್ ಫೋನಿನಲ್ಲಿಯೇ ಇದು ಸಾಧ್ಯ. ಕೆಲಸದ ಹಂತಗಳು ಈ ಕೆಳಗಿನಂತಿರುತ್ತವೆ:

(1) ನಾಲ್ಕರಿಂದ ಎಂಟು ಜನರ ಚಿಕ್ಕ ಗುಂಪಿನಲ್ಲಿ ಪ್ರತಿಯೊಬ್ಬರೂ ತಾವು ಹೇಳಬಯಸುವ ಸಂಗತಿಯನ್ನು ಮೌಖಿಕವಾಗಿ ಹೇಳುವುದು.
(2) ಅದನ್ನು ಒಂದೆರಡು ಪುಟಗಳಿಗೆ ಮೀರದಂತೆ ಬರೆಯುವುದು ಅಥವಾ ಬರೆಯಿಸುವುದು.
(3) ಬರೆದುದನ್ನು ಸ್ವಂತ ಧ್ವನಿಯಲ್ಲಿ ಓದಿ ಧ್ವನಿಮುದ್ರಿಸುವುದು.
(4) ಹೊಂದುವ ಛಾಯಾಚಿತ್ರ, ರೇಖಾಚಿತ್ರ ಅಥವಾ ದೃಶ್ಯಗಳನ್ನು ಸಂಗ್ರಹಿಸಿ ಜೋಡಿಸುವುದು.
(5) ಗುಂಪಿನೊಳಗೆ, ನಿರ್ಮಿಸಿದವರು ಒಪ್ಪಿದಲ್ಲಿ ಮಾತ್ರ, ಪ್ರದರ್ಶಿಸುವುದು.

ಉದಾಹರಣೆಗೆ, ತಂದೆಯ ಸಾವಿನ ನಂತರ ಅವರ ಬಗ್ಗೆ ಒಂದು ಮಾತನ್ನೂ ಆಡಲಾಗದ ಯುವಕನೊಬ್ಬನು ಮೂರು ನಿಮಿಷಗಳ ಚಿತ್ರವನ್ನು ಮಾಡಲು ತೊಡಗುತ್ತಾನೆಂದು ಭಾವಿಸಬಹುದು. ತಂದೆಯ ಮುಖವನ್ನು ತೋರಿಸಲು ಅವನಿಗೆ ಧೈರ್ಯ ಸಾಲುವುದಿಲ್ಲ. ಅದರ ಬದಲಿಗೆ ಜಗುಲಿಯ ಮೇಲಿನ ಅವರ ಕುರ್ಚಿ, ಗೋಡೆಗೆ ತಗುಲಿಸಿದ ಕೊಡೆ, ರಾಗಿ ಹೊಲದ ಬದುವನ್ನು ಚಿತ್ರೀಕರಿಸುತ್ತಾನೆ. ಧ್ವನಿಮುದ್ರಿಸುವಾಗ ಎರಡು ಬಾರಿ ಗಂಟಲು ಕಟ್ಟಿ ನಿಲ್ಲಿಸುತ್ತಾನೆ. ಮೂರನೆಯ ಬಾರಿಗೆ ಪೂರ್ಣ ಓದುತ್ತಾನೆ. ಚಿತ್ರವು ಕಲಾತ್ಮಕವಾಗಿ ಹೇಗಿದೆ ಎಂಬುದು ಇಲ್ಲಿ ಪ್ರಶ್ನೆಯೇ ಅಲ್ಲ. ಆಡಲಾಗದಿದ್ದ ಮಾತನ್ನು ಅವನು ಆಡಿದನು, ಅದನ್ನು ನಾಲ್ಕು ಜನರು ಕುಳಿತು ಕೇಳಿದರು ಎಂಬುದೇ ಫಲಿತಾಂಶ.

ಖಿನ್ನತೆಯಿಂದ ನಿರುತ್ಸಾಹಗೊಂಡವರಿಗೆ ದಿನಕ್ಕೊಂದು ಚಿಕ್ಕ ಕೆಲಸ, ಅಂದರೆ ಇಂದು ಎರಡು ಛಾಯಾಚಿತ್ರ ತೆಗೆಯುವುದು, ನಾಳೆ ನಾಲ್ಕು ಸಾಲು ಬರೆಯುವುದು ಎಂಬ ಕ್ರಮವೂ ಪ್ರಯೋಜನಕಾರಿ. ಒಂದು ಕೆಲಸವನ್ನು ಆರಂಭಿಸಿ ಮುಗಿಸಿದ ತೃಪ್ತಿಯು ಮುಂದಿನ ಕೆಲಸಕ್ಕೆ ಪ್ರೇರಣೆಯಾಗುತ್ತದೆ. ಮರೆವಿನ ಕಾಯಿಲೆಯಿರುವ ಹಿರಿಯರಿಗಾಗಿ ಕುಟುಂಬದವರು ಹಳೆಯ ಛಾಯಾಚಿತ್ರಗಳು ಮತ್ತು ಅವರಿಗೆ ಪ್ರಿಯವಾದ ಹಾಡುಗಳನ್ನು ಸೇರಿಸಿ ಚಿತ್ರ ಸಿದ್ಧಪಡಿಸಿದಲ್ಲಿ, ಅದು ಹಿರಿಯರೊಂದಿಗೆ ಮಾತನಾಡಲು ಒಂದು ಆಸರೆಯಾಗುತ್ತದೆ. ಆದರೆ ಅದರಿಂದ ಕಾಯಿಲೆ ಗುಣವಾಗುವುದಿಲ್ಲ.

7. ಫೋಗೋ ದ್ವೀಪದ ಅನುಭವ

ಚಿತ್ರವನ್ನು ಯಾರ ಬಗ್ಗೆ ತೆಗೆಯಲಾಗಿದೆಯೋ ಅವರಿಗೇ ಅದರ ಮೇಲೆ ಅಧಿಕಾರವಿರಬೇಕೆಂಬ ತತ್ವಕ್ಕೆ ಕೆನಡಾ ದೇಶದ ಫೋಗೋ ದ್ವೀಪದ ಪ್ರಯೋಗವು ಪ್ರಸಿದ್ಧ ಉದಾಹರಣೆಯಾಗಿದೆ. ನ್ಯೂಫೌಂಡ್‌ಲೆಂಡ್ ಪ್ರಾಂತ್ಯದ ಈ ದ್ವೀಪದ ಮೀನುಗಾರ ಕುಟುಂಬಗಳು 1960ರ ದಶಕದಲ್ಲಿ ಬಡತನ ಹಾಗೂ ಊರು ಬಿಟ್ಟು ಬೇರೆಡೆ ನೆಲೆಸಬೇಕಾದ ಒತ್ತಡವನ್ನು ಎದುರಿಸುತ್ತಿದ್ದವು. 1967ರಲ್ಲಿ ಕೆನಡಾದ ರಾಷ್ಟ್ರೀಯ ಚಲನಚಿತ್ರ ಮಂಡಳಿಯ ನಿರ್ದೇಶಕ ಕಾಲಿನ್ ಲೋ ಅವರು, ಮೆಮೋರಿಯಲ್ ವಿಶ್ವವಿದ್ಯಾಲಯದ ಡಾನ್ ಸ್ನೋಡನ್ ಅವರ ಸಹಯೋಗದಲ್ಲಿ, ದ್ವೀಪದ ಜನರ ಮಾತುಗಳನ್ನು ಚಿತ್ರೀಕರಿಸಿದರು. ಒಟ್ಟು 27 ಕಿರುಚಿತ್ರಗಳು ಸಿದ್ಧವಾದವು. ಚಿತ್ರೀಕರಣಗೊಂಡವರಿಗೆ ಮೊದಲು ತೋರಿಸಿ, ಅವರ ಒಪ್ಪಿಗೆ ಪಡೆದ ನಂತರವೇ ಅವುಗಳನ್ನು ದ್ವೀಪದ ಇತರ ಹಳ್ಳಿಗಳಲ್ಲಿ ಪ್ರದರ್ಶಿಸಲಾಯಿತು.

ಪರಸ್ಪರ ಸಂಪರ್ಕ ಕಡಿಮೆಯಿದ್ದ ಹಳ್ಳಿಗಳ ಜನರು, ಮತ್ತೊಂದು ಹಳ್ಳಿಯವರೂ ತಮ್ಮಂತೆಯೇ ಚಿಂತಿಸುತ್ತಿರುವುದನ್ನು ತೆರೆಯ ಮೇಲೆ ಕಂಡರು. ದ್ವೀಪದಲ್ಲಿ ಮೀನುಗಾರರ ಸಹಕಾರ ಸಂಘವು ರೂಪುಗೊಳ್ಳಲು ಈ ಚಿತ್ರಗಳೂ ನೆರವಾದವು. ಫೋಗೋ ಪ್ರಯೋಗವು ಮಾನಸಿಕ ಚಿಕಿತ್ಸೆಯಾಗಿರಲಿಲ್ಲ. ಅದು ಸಮುದಾಯ ಅಭಿವೃದ್ಧಿಯ ಕಾರ್ಯವಾಗಿತ್ತು. ಆದರೂ ‘ಮೊದಲು ಚಿತ್ರದಲ್ಲಿರುವವರಿಗೆ ತೋರಿಸುವುದು, ಅವರು ಒಪ್ಪಿದ ಮೇಲೆ ಇತರರಿಗೆ ತೋರಿಸುವುದು’ ಎಂಬ ಅದರ ಕ್ರಮವು ಚೇತರಿಕೆಗಾಗಿ ಮಾಡುವ ಎಲ್ಲ ಚಿತ್ರಗಳಿಗೂ ಅನ್ವಯಿಸುತ್ತದೆ.

8. ತನ್ನನ್ನು ತಾನೇ ನೋಡುವುದು: ವಿಡಿಯೋ ಮರುವೀಕ್ಷಣೆ

ನಾಲ್ಕು ಜನರ ಮುಂದೆ ಮಾತನಾಡಲು ಅತಿಯಾಗಿ ಹೆದರುವ ವ್ಯಕ್ತಿಯು, ತನ್ನ ಕೈ ನಡುಗುವುದು ಎಲ್ಲರಿಗೂ ಕಾಣುತ್ತಿದೆ, ತನ್ನ ಮಾತು ತೊದಲುತ್ತಿದೆ ಎಂದು ನಂಬಿರುತ್ತಾನೆ. ಬ್ರಿಟನ್ನಿನ ಡೇವಿಡ್ ಕ್ಲಾರ್ಕ್ ಮತ್ತು ಏಡ್ರಿಯನ್ ವೆಲ್ಸ್ ಅವರು 1995ರಲ್ಲಿ ಮಂಡಿಸಿದ ಮಾದರಿಯನ್ನು ಆಧರಿಸಿದ ಚಿಕಿತ್ಸೆಯಲ್ಲಿ ಇಂತಹವರ ಮಾತುಕತೆಯನ್ನು ಚಿತ್ರೀಕರಿಸಿ ಅವರಿಗೇ ತೋರಿಸಲಾಗುತ್ತದೆ. ನೋಡುವ ಮುನ್ನ, ತಾನು ಹೇಗೆ ಕಾಣಿಸುವೆನೆಂದು ವಿವರಿಸಲು ಕೇಳಲಾಗುತ್ತದೆ. ನಂತರ ಅಪರಿಚಿತರೊಬ್ಬರನ್ನು ನೋಡುವಂತೆ ಆ ವಿಡಿಯೋವನ್ನು ನೋಡಲು ತಿಳಿಸಲಾಗುತ್ತದೆ. ತಾನು ಊಹಿಸಿದ್ದಕ್ಕಿಂತ ಎಷ್ಟೋ ಸಹಜವಾಗಿ ಕಾಣುತ್ತಿರುವುದು ಅನೇಕರ ಗಮನಕ್ಕೆ ಬರುತ್ತದೆ.

ಪೋಷಕರು ಮತ್ತು ಮಕ್ಕಳ ನಡುವಿನ ಒಡನಾಟವನ್ನು ಚಿತ್ರೀಕರಿಸಿ, ಅದರಲ್ಲಿ ಚೆನ್ನಾಗಿ ನಡೆದ ಕ್ಷಣಗಳನ್ನು ಪೋಷಕರಿಗೆ ತೋರಿಸುವ ಕ್ರಮವೂ ಬಳಕೆಯಲ್ಲಿದೆ. ಇಂಗ್ಲೆಂಡಿನ ನೈಸ್ ಸಂಸ್ಥೆಯು ಮಕ್ಕಳ ಬಾಂಧವ್ಯ ಕುರಿತು 2015ರಲ್ಲಿ ಹೊರಡಿಸಿದ ಮಾರ್ಗಸೂಚಿಯಲ್ಲಿ ಇದನ್ನು ಶಿಫಾರಸು ಮಾಡಿದೆ. ಇವೆರಡನ್ನೂ ತರಬೇತಿ ಪಡೆದ ಚಿಕಿತ್ಸಕರ ಮೂಲಕವೇ ಕೈಗೊಳ್ಳತಕ್ಕದ್ದು.

9. ಎಚ್ಚರಿಕೆಗಳು

ಈ ಕೆಳಕಂಡ ಸಂದರ್ಭಗಳಲ್ಲಿ ವೈದ್ಯರ ಸಲಹೆಯಿಲ್ಲದೆ ಈ ವಿಧಾನಗಳನ್ನು ಅನುಸರಿಸಬಾರದು:

• ಇಲ್ಲದ ಧ್ವನಿಗಳು ಕೇಳಿಸುವುದು, ದೂರದರ್ಶನ ಅಥವಾ ಸಿನಿಮಾದಲ್ಲಿ ತನ್ನ ಬಗ್ಗೆಯೇ ಮಾತನಾಡುತ್ತಿದ್ದಾರೆಂಬ ನಂಬಿಕೆ ಇರುವುದು.
• ಅಪಘಾತ, ಹಲ್ಲೆ, ಲೈಂಗಿಕ ದೌರ್ಜನ್ಯ ಅಥವಾ ಆಪ್ತರ ಸಾವು ಇತ್ತೀಚೆಗಷ್ಟೇ ಸಂಭವಿಸಿರುವುದು.
• ಆತ್ಮಹತ್ಯೆಯ ಆಲೋಚನೆಗಳು ಇರುವುದು.
• ಮಿನುಗುವ ಬೆಳಕಿನಿಂದ ಮೂರ್ಛೆ ಬರುವ ತೊಂದರೆ ಇರುವುದು.

ಭೀಕರ ದೃಶ್ಯಗಳ ತುಣುಕುಗಳನ್ನು ತೋರಿಸಿದ ಪ್ರಯೋಗಗಳಲ್ಲಿ, ಆರೋಗ್ಯವಂತರಿಗೂ ನಂತರದ ಕೆಲವು ದಿನ ಆ ದೃಶ್ಯಗಳು ಬೇಡವೆಂದರೂ ನೆನಪಿಗೆ ಬರುವುದು ಕಂಡುಬಂದಿದೆ. ಈಗಾಗಲೇ ಆಘಾತಕ್ಕೊಳಗಾದವರಿಗೆ ಇದು ಮತ್ತಷ್ಟು ತೊಂದರೆ ಕೊಡಬಹುದು. ‘ನೋಡಿ ಅತ್ತುಬಿಟ್ಟರೆ ಸರಿಹೋಗುತ್ತದೆ’ ಎಂಬ ನಂಬಿಕೆಯಿಂದ ನೊಂದವರನ್ನು ಬಲವಂತವಾಗಿ ಕೂರಿಸಿ ಚಿತ್ರ ತೋರಿಸಬಾರದು.

ಆತ್ಮಹತ್ಯೆಯನ್ನು ವಿವರವಾಗಿ ಅಥವಾ ವೈಭವೀಕರಿಸಿ ತೋರಿಸುವ ಚಿತ್ರಗಳಿಂದ ದೂರವಿರುವುದು ಅಗತ್ಯ. ಸಂಕಷ್ಟವನ್ನು ಎದುರಿಸಿ, ಸಹಾಯ ಪಡೆದು ಬದುಕುಳಿದವರ ಕಥೆಗಳು ರಕ್ಷಣಾತ್ಮಕ ಪರಿಣಾಮ ಬೀರಬಲ್ಲವು. ಈ ವಿಷಯದಲ್ಲಿ ಚಲನಚಿತ್ರ ಹಾಗೂ ರಂಗಭೂಮಿಯವರಿಗಾಗಿ ವಿಶ್ವ ಆರೋಗ್ಯ ಸಂಸ್ಥೆಯು 2019ರಲ್ಲಿ ಪ್ರತ್ಯೇಕ ಕೈಪಿಡಿಯನ್ನು ಪ್ರಕಟಿಸಿದೆ.

10. ಒಪ್ಪಿಗೆ, ಗೋಪ್ಯತೆ ಮತ್ತು ಕಾನೂನು

ಒಮ್ಮೆ ಹಂಚಿಕೆಯಾದ ವಿಡಿಯೋವನ್ನು ಹಿಂದಕ್ಕೆ ಪಡೆಯುವುದು ಬಹುತೇಕ ಅಸಾಧ್ಯ. ಸಂಕಷ್ಟದ ದಿನಗಳಲ್ಲಿ ಒಪ್ಪಿ ಹೇಳಿದ ಮಾತು, ಚೇತರಿಸಿಕೊಂಡ ನಂತರ ಉದ್ಯೋಗ, ವಿವಾಹ ಅಥವಾ ಮಕ್ಕಳ ಭವಿಷ್ಯದ ವಿಷಯದಲ್ಲಿ ತೊಂದರೆಗೆ ಕಾರಣವಾಗಬಹುದು. ಆದ್ದರಿಂದ ಚಿತ್ರ ನಿರ್ಮಾಣದಲ್ಲಿ ಭಾಗವಹಿಸುವವರು ಈ ಕೆಳಕಂಡ ಅಂಶಗಳನ್ನು ತಿಳಿದಿರುವುದು ಅವಶ್ಯಕ:

(1) ಮಾನಸಿಕ ಆರೋಗ್ಯ ರಕ್ಷಣಾ ಕಾಯ್ದೆ, 2017 ದಿನಾಂಕ 29-05-2018ರಿಂದ ಜಾರಿಯಲ್ಲಿದೆ. ಇದರ ಪ್ರಕರಣ 23ರನ್ವಯ ಮಾನಸಿಕ ಕಾಯಿಲೆ ಮತ್ತು ಚಿಕಿತ್ಸೆಯ ಬಗ್ಗೆ ಗೋಪ್ಯತೆಯ ಹಕ್ಕು ಇರುತ್ತದೆ.

(2) ಪ್ರಕರಣ 24ರನ್ವಯ ಮಾನಸಿಕ ಆರೋಗ್ಯ ಸಂಸ್ಥೆಯಲ್ಲಿ ಚಿಕಿತ್ಸೆ ಪಡೆಯುತ್ತಿರುವ ವ್ಯಕ್ತಿಯ ಛಾಯಾಚಿತ್ರ ಅಥವಾ ಇತರ ಮಾಹಿತಿಯನ್ನು ಆ ವ್ಯಕ್ತಿಯ ಒಪ್ಪಿಗೆಯಿಲ್ಲದೆ ಮಾಧ್ಯಮಗಳಿಗೆ ನೀಡುವಂತಿಲ್ಲ. ವಿದ್ಯುನ್ಮಾನ ರೂಪದಲ್ಲಿ ಸಂಗ್ರಹಿಸಿದ ಮಾಹಿತಿಗೂ ಗೋಪ್ಯತೆಯ ಹಕ್ಕು ಅನ್ವಯಿಸುತ್ತದೆ.

(3) ಚಿತ್ರೀಕರಿಸಲು ಒಪ್ಪಿಗೆ, ಗುಂಪಿನಲ್ಲಿ ತೋರಿಸಲು ಒಪ್ಪಿಗೆ, ಸಾರ್ವಜನಿಕವಾಗಿ ಪ್ರದರ್ಶಿಸಲು ಒಪ್ಪಿಗೆ, ಈ ಮೂರನ್ನೂ ಪ್ರತ್ಯೇಕವಾಗಿ, ಲಿಖಿತವಾಗಿ ಪಡೆಯುವುದು ಉತ್ತಮ ಕ್ರಮ. ಒಂದಕ್ಕೆ ಒಪ್ಪಿದ ಮಾತ್ರಕ್ಕೆ ಉಳಿದವುಗಳಿಗೂ ಒಪ್ಪಿದಂತೆ ಭಾವಿಸಬಾರದು.

(4) ಲೈಂಗಿಕ ದೌರ್ಜನ್ಯಕ್ಕೊಳಗಾದವರ ಗುರುತನ್ನು ಬಹಿರಂಗಪಡಿಸುವುದು ಭಾರತೀಯ ನ್ಯಾಯ ಸಂಹಿತೆ, 2023ರ ಪ್ರಕರಣ 72ರನ್ವಯ ಅಪರಾಧವಾಗಿರುತ್ತದೆ. ಇದಕ್ಕೆ ಕಾನೂನಿನಲ್ಲಿ ಹೇಳಿರುವ ಸೀಮಿತ ವಿನಾಯಿತಿಗಳು ಮಾತ್ರ ಇವೆ. ಲೈಂಗಿಕ ಅಪರಾಧಗಳಿಂದ ಮಕ್ಕಳ ರಕ್ಷಣೆಗಾಗಿ ಇರುವ ಪೋಕ್ಸೋ ಕಾಯ್ದೆ, 2012ರಲ್ಲಿಯೂ ಮಕ್ಕಳ ಗುರುತಿಗೆ ರಕ್ಷಣೆ ಇದೆ.

(5) ಚಿತ್ರದಲ್ಲಿ ಕಾಣಿಸಿಕೊಳ್ಳುವ ಕುಟುಂಬದ ಇತರರಿಗೂ, ನೆರೆಹೊರೆಯವರಿಗೂ ಗೋಪ್ಯತೆ ಇರುತ್ತದೆ. ಮುಖದ ಬದಲಿಗೆ ಕೈಗಳು, ವಸ್ತುಗಳು, ಜಾಗಗಳನ್ನು ತೋರಿಸಿ, ಹೆಸರುಗಳನ್ನು ಬದಲಾಯಿಸಿ ಚಿತ್ರ ಮಾಡಬಹುದಾಗಿದೆ.

11. ಸೇವೆಗಳನ್ನು ಪಡೆಯುವ ಬಗ್ಗೆ

ಚಲನಚಿತ್ರದ ಮೂಲಕ ಚೇತರಿಕೆ ಎಂಬುದು ಪ್ರತ್ಯೇಕವಾಗಿ ಅರ್ಜಿ ಸಲ್ಲಿಸಿ ಪಡೆಯುವ ಯೋಜನೆಯಲ್ಲ. ಮಾನಸಿಕ ಆರೋಗ್ಯ ಸೇವೆ ಪಡೆಯುವಾಗ, ಚಿಕಿತ್ಸಕರು ಸೂಕ್ತವೆಂದು ಪರಿಗಣಿಸಿದಲ್ಲಿ ಚಿಕಿತ್ಸೆಯ ಭಾಗವಾಗಿ ಇದನ್ನು ಅಳವಡಿಸಬಹುದು. ಆಸಕ್ತರು ಈ ಬಗ್ಗೆ ತಮ್ಮ ಚಿಕಿತ್ಸಕರನ್ನು ನೇರವಾಗಿ ವಿಚಾರಿಸಬಹುದಾಗಿದೆ.

ಅ) ಟೆಲಿ ಮನಸ್: ಕೇಂದ್ರ ಸರ್ಕಾರವು ದಿನಾಂಕ 10-10-2022ರಂದು ಆರಂಭಿಸಿದ ಉಚಿತ ದೂರವಾಣಿ ಸೇವೆ. 14416 ಅಥವಾ 1800-891-4416 ಸಂಖ್ಯೆಗೆ ದಿನದ 24 ಗಂಟೆಯೂ ಕರೆ ಮಾಡಬಹುದು. ಕನ್ನಡದಲ್ಲಿ ಮಾತನಾಡಬಹುದು.

ಆ) ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ: 1980ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ನಡೆದ ಪ್ರಯೋಗವನ್ನು ಮಾದರಿಯಾಗಿಟ್ಟುಕೊಂಡು 1996ರಲ್ಲಿ ರಾಷ್ಟ್ರಮಟ್ಟದಲ್ಲಿ ಆರಂಭವಾದ ಕಾರ್ಯಕ್ರಮವಿದು. ಹತ್ತಿರದ ಜಿಲ್ಲಾ ಅಥವಾ ತಾಲ್ಲೂಕು ಆಸ್ಪತ್ರೆಯಲ್ಲಿ ಮಾನಸಿಕ ಆರೋಗ್ಯ ತಂಡದ ಭೇಟಿಯ ದಿನಗಳನ್ನು ವಿಚಾರಿಸುವುದು.

ಇ) ತುರ್ತು ಸಂದರ್ಭ: ಜೀವಕ್ಕೆ ಅಪಾಯವಿರುವ ಸಂದರ್ಭದಲ್ಲಿ 108 ಅಥವಾ 112ಕ್ಕೆ ಕರೆ ಮಾಡುವುದು. ವ್ಯಕ್ತಿಯನ್ನು ಒಂಟಿಯಾಗಿ ಬಿಡಬಾರದು.

12. ಪದೇ ಪದೇ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಮನೆಯಲ್ಲಿಯೇ ಚಿತ್ರ ನೋಡಿ ಔಷಧಿಯನ್ನು ನಿಲ್ಲಿಸಬಹುದೇ?
ಉತ್ತರ: ಇಲ್ಲ. ವೈದ್ಯರ ಸಲಹೆಯಿಲ್ಲದೆ ಔಷಧಿಯನ್ನು ನಿಲ್ಲಿಸುವುದರಿಂದ ಕಾಯಿಲೆ ಮರುಕಳಿಸಬಹುದು.

ಪ್ರಶ್ನೆ: ಓದು ಬರಹ ತಿಳಿಯದವರು ಚಿತ್ರ ನಿರ್ಮಾಣದಲ್ಲಿ ಭಾಗವಹಿಸಬಹುದೇ?
ಉತ್ತರ: ಭಾಗವಹಿಸಬಹುದು. ಮಾತು, ಹಾಡು, ಚಿತ್ರಗಳ ಮೂಲಕ ಹೇಳಲು ಅಕ್ಷರಜ್ಞಾನ ಕಡ್ಡಾಯವಲ್ಲ.

ಪ್ರಶ್ನೆ: ಚಿತ್ರವನ್ನು ಸಿದ್ಧಪಡಿಸಿದ ನಂತರ ಯಾರಿಗೂ ತೋರಿಸಬಾರದೆನಿಸಿದರೆ?
ಉತ್ತರ: ತೋರಿಸಬೇಕಾಗಿಲ್ಲ. ಚಿತ್ರವನ್ನು ತಮ್ಮಲ್ಲಿಯೇ ಇಟ್ಟುಕೊಳ್ಳಬಹುದು ಅಥವಾ ಅಳಿಸಬಹುದು. ಮಾಡುವ ಕ್ರಿಯೆಯಿಂದಲೇ ಪ್ರಯೋಜನ ದೊರೆತಿರುತ್ತದೆ.

ಪ್ರಶ್ನೆ: ಚಿತ್ರ ನೋಡಿದ ನಂತರ ಮನಸ್ಸು ಮತ್ತಷ್ಟು ಭಾರವಾದರೆ ಏನು ಮಾಡಬೇಕು?
ಉತ್ತರ: ಸ್ವಲ್ಪ ಹೊತ್ತಿನ ದುಃಖವು ಸಹಜ. ಆದರೆ ನಿದ್ರೆ ಕೆಡುವುದು, ದೃಶ್ಯಗಳು ಪದೇ ಪದೇ ಕಾಡುವುದು ಅಥವಾ ಬದುಕು ಬೇಡವೆನಿಸುವುದು ಕಂಡುಬಂದಲ್ಲಿ ವೀಕ್ಷಣೆಯನ್ನು ನಿಲ್ಲಿಸಿ, ಚಿಕಿತ್ಸಕರನ್ನು ಅಥವಾ ಟೆಲಿ ಮನಸ್ 14416 ಅನ್ನು ಕೂಡಲೇ ಸಂಪರ್ಕಿಸುವುದು.

ಪ್ರಶ್ನೆ: ಒಪ್ಪಿಗೆಯಿಲ್ಲದೆ ಚಿತ್ರೀಕರಿಸಿದಲ್ಲಿ ಎಲ್ಲಿ ದೂರು ನೀಡಬೇಕು?
ಉತ್ತರ: ಚಿಕಿತ್ಸಾ ಸಂಸ್ಥೆಯ ಮುಖ್ಯಸ್ಥರಿಗೆ ದೂರು ನೀಡಬಹುದು. ಪರಿಹಾರ ತೃಪ್ತಿಕರವಾಗಿರದಿದ್ದಲ್ಲಿ, 2017ರ ಕಾಯ್ದೆಯ ಪ್ರಕರಣ 28ರನ್ವಯ ಮಾನಸಿಕ ಆರೋಗ್ಯ ಪರಿಶೀಲನಾ ಮಂಡಳಿಯನ್ನು ಸಂಪರ್ಕಿಸಬಹುದಾಗಿದೆ.

13. ಸಾರ್ವಜನಿಕರಲ್ಲಿ ಮನವಿ

ಮಾನಸಿಕ ಕಾಯಿಲೆಯು ಅವಮಾನದ ಸಂಗತಿಯಲ್ಲ. ಮನೆಯಲ್ಲಿ ಯಾರಾದರೂ ಬಹುದಿನಗಳಿಂದ ಮೌನವಾಗಿದ್ದಲ್ಲಿ, ಅವರೊಂದಿಗೆ ಕುಳಿತು ಅವರಿಗಿಷ್ಟವಾದ ಒಂದು ಚಿತ್ರವನ್ನು ನೋಡುವುದರಿಂದಲೂ ಮಾತು ಆರಂಭವಾಗಬಹುದು. ಆ ಮಾತು ಆರಂಭವಾದಾಗ ನಡುವೆ ತಡೆಯದೆ, ತೀರ್ಪು ನೀಡದೆ ಪೂರ್ಣವಾಗಿ ಕೇಳಿಸಿಕೊಳ್ಳುವುದು ಮತ್ತು ಅಗತ್ಯವಿದ್ದಲ್ಲಿ ವೈದ್ಯರಲ್ಲಿಗೆ ಜೊತೆಯಲ್ಲಿ ಹೋಗುವುದು ಕುಟುಂಬದವರ ಕರ್ತವ್ಯವಾಗಿರುತ್ತದೆ. ಸಾರ್ವಜನಿಕರು ಲಭ್ಯವಿರುವ ಸೇವೆಗಳ ಸದುಪಯೋಗ ಪಡೆದುಕೊಳ್ಳಲು ಕೋರಲಾಗಿದೆ.